ಪೆಂಗ್ವಿನ್‌ಗಳಿಗೆ ಭೂಕಂಪಮಾಪಕ ಯಾಕೆ?

ಓಝರ್‌ನಲ್ಲಿ ಕಿಟಕಿಯ ಗಾಜು ಅದುರಿದರೆ ಜನ ಮೊದಲು ಆಕಾಶದ ಕಡೆ ನೋಡುತ್ತಾರೆ. ನಾಸಿಕದಿಂದ ಮುಂಬೈ–ಆಗ್ರಾ ಹೆದ್ದಾರಿ ಹಿಡಿದು ಇಪ್ಪತ್ತು ಕಿಲೋಮೀಟರಿನಷ್ಟು ಬಂದರೆ ಸಿಗುವ ಈ ಊರಿಗೆ ಎಚ್‌ಎಎಲ್ ಕಾಲಿಟ್ಟದ್ದು 1964ರಲ್ಲಿ. ಮಿಗ್ ಯುದ್ಧವಿಮಾನಗಳಿಗಾಗಿ ಶುರುವಾದ ಕಾರ್ಖಾನೆ ಆಮೇಲೆ ಸುಖೋಯ್‌ಗಳ ತವರಾಯಿತು. ಬೆಂಗಳೂರಿನಿಂದ ವರ್ಗವಾಗಿ ಬಂದು ಟೌನ್‌ಶಿಪ್ಪಿನಲ್ಲೇ ಬೇರುಬಿಟ್ಟ ಕನ್ನಡದ ಮನೆಗಳೂ ಅಲ್ಲಿವೆ. ವಿಮಾನ ಶಬ್ದದ ವೇಗ ಮೀರಿದಾಗ ಕೆಳಗಿನ ಊರುಗಳಿಗೆ ಕೇಳಿಸುವುದು ಒಂದು ಭಾರಿ ಹೊಡೆತ. ಬಾಗಿಲು ಬಡಿದುಕೊಳ್ಳುತ್ತದೆ, ಅಟ್ಟದ ಪಾತ್ರೆ ಸದ್ದು ಮಾಡುತ್ತದೆ. ಮೇಲೆ ಏನೂ ಕಾಣದಿದ್ದರೆ ಎರಡನೆಯ ಪ್ರಶ್ನೆ ಏಳುತ್ತದೆ: ಭೂಕಂಪವೇ?

ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಇದೇ ಜಿಲ್ಲೆಯ ಕಳವಣ ತಾಲ್ಲೂಕಿನ ದಳವಟ ಸುತ್ತಮುತ್ತ ನೆಲ ಆಗಾಗ ಸಣ್ಣಗೆ ನಡುಗುವುದುಂಟು. ಘಟ್ಟದ ಆಚೆ ಪಾಲ್ಘರ್ ಜಿಲ್ಲೆಯ ಡಹಾಣೂ, ತಲಾಸರಿಗಳಲ್ಲಿ 2018ರ ನವೆಂಬರಿನಲ್ಲಿ ಶುರುವಾದ ಕಂಪನಗಳ ಸರಣಿ ತಿಂಗಳುಗಟ್ಟಲೆ ಎಳೆದು, ಜನ ಚಳಿಗಾಲದ ರಾತ್ರಿಗಳನ್ನು ಮನೆಯ ಹೊರಗೆ ಕಳೆದರು. ಆದ್ದರಿಂದ ಸದ್ದು ಬಾನಿನದೋ ನೆಲದ್ದೋ ಎಂದು ತೀರ್ಮಾನಿಸಲು ಕಿವಿಯನ್ನು ನಂಬುವಂತಿಲ್ಲ. ನಾಸಿಕದವರು ‘ಮೇರಿ’ ಎಂದೇ ಕರೆಯುವ ಮಹಾರಾಷ್ಟ್ರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಜಲಾಶಯಗಳ ಸುತ್ತ ಇಟ್ಟಿರುವ ಉಪಕರಣಗಳನ್ನು ನೋಡಿಯೇ ಹೇಳಬೇಕು. ಬೆಂಗಳೂರಿಗೂ ಇದರ ರುಚಿ ಗೊತ್ತು. 2020ರ ಮೇ 20ರ ಮಧ್ಯಾಹ್ನ ಲಾಕ್‌ಡೌನಿನ ನಡುವೆ ನಗರದ ಪೂರ್ವಭಾಗ ಬೆಚ್ಚಿಬಿದ್ದಾಗ, ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ತನ್ನ ಮಾಪಕಗಳನ್ನು ನೋಡಿ ನೆಲ ಅಲುಗಿಲ್ಲ ಎಂದಿತು; ಅದು ವಾಯುಪಡೆಯ ಪರೀಕ್ಷಾ ಹಾರಾಟ ಎಂದು ರಕ್ಷಣಾ ಇಲಾಖೆ ಸಂಜೆಯ ಹೊತ್ತಿಗೆ ಹೇಳಿತು.

ಭೂಕಂಪಮಾಪಕ ಹೀಗೆ ‘ಇಲ್ಲ’ ಎಂದು ಹೇಳುವ ಸಂದರ್ಭಗಳೇ ಹೆಚ್ಚು. ಹಾಗೆ ಹೇಳುವ ಅರ್ಹತೆ ಸಿಗಬೇಕಾದರೆ ಅದು ಹಗಲೂ ರಾತ್ರಿ, ವರ್ಷದಿಂದ ವರ್ಷಕ್ಕೆ, ಏನೂ ಆಗದ ದಿನಗಳಲ್ಲೂ ಕಿವಿಗೊಟ್ಟು ಕೂತಿರಬೇಕು. ಈ ಕೆಲಸವನ್ನು ಜಗತ್ತು ಅತ್ಯಂತ ಹಟದಿಂದ ಮಾಡಿರುವುದು ಜನವಸತಿಯೇ ಇಲ್ಲದ ಹಿಮಖಂಡದಲ್ಲಿ. ಅದನ್ನು ಕೇಳಿದ ಕೂಡಲೇ ನಮ್ಮಲ್ಲೊಂದು ಪ್ರಶ್ನೆ ಸಿದ್ಧವಾಗಿರುತ್ತದೆ: ಬೀಳುವುದಕ್ಕೆ ಮನೆಗಳೇ ಇಲ್ಲದ ಜಾಗದಲ್ಲಿ, ಪೆಂಗ್ವಿನ್‌ಗಳಿಗಾಗಿ, ನಮ್ಮ ತೆರಿಗೆ ದುಡ್ಡಿನಲ್ಲಿ ಭೂಕಂಪಮಾಪಕ ಇಡುವುದು ಯಾವ ಸೀಮೆಯ ಬುದ್ಧಿವಂತಿಕೆ? ಭಾರತಕ್ಕೂ ಈ ಪ್ರಶ್ನೆ ನೇರವಾಗಿ ತಾಗುತ್ತದೆ. ಅಂಟಾರ್ಕ್ಟಿಕಾದ ನಮ್ಮ ಮೈತ್ರಿ ನೆಲೆಯಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಅಂದರೆ ಎನ್‌ಜಿಆರ್‌ಐ, 1990ರ ದಶಕದ ಕೊನೆಯಿಂದಲೂ ಭೂಕಂಪ ವೀಕ್ಷಣಾಲಯವೊಂದನ್ನು ನಡೆಸುತ್ತ ಬಂದಿದೆ.

ಪ್ರಶ್ನೆಗೆ ಸುಲಭದ ಉತ್ತರವೊಂದಿದೆ. ಭೂಮಿ ಗುಂಡಗಿದೆ, ಕಂಪನದ ಅಲೆ ಅದರ ಹೊಟ್ಟೆಯೊಳಗಿಂದ ಹಾದು ಇನ್ನೊಂದು ಬದಿಯಲ್ಲಿ ಏಳುತ್ತದೆ, ಆ ಬದಿಯಲ್ಲಿ ಕೇಳುವವರಿಲ್ಲದಿದ್ದರೆ ಗ್ರಹದ ಅರ್ಧ ಚಿತ್ರ ಸಿಗುವುದಿಲ್ಲ. ಇದು ನಿಜ. ಡೆನ್ಮಾರ್ಕಿನ ಇಂಗೆ ಲೆಹ್ಮನ್ 1936ರಲ್ಲಿ ಭೂಮಿಯ ನಡುವೆ ಒಂದು ಒಳಗರ್ಭವಿದೆ ಎಂದು ತೋರಿಸಿದಾಗ ಆಕೆಯ ಆಧಾರ ನ್ಯೂಜಿಲೆಂಡಿನ 1929ರ ಭೂಕಂಪದ ಅಲೆಗಳು ಭೂಗೋಳದ ದೂರದ ನಿಲ್ದಾಣಗಳಲ್ಲಿ ಬರೆದ ಗೆರೆಗಳು. ಆಕೆಯ ನಿತ್ಯದ ನೌಕರಿಯಲ್ಲಿ ಗ್ರೀನ್‌ಲ್ಯಾಂಡಿನ ಸ್ಕೋರ್ಸ್‌ಬಿಸುಂಡ್ ನಿಲ್ದಾಣದ ಉಸ್ತುವಾರಿಯೂ ಸೇರಿತ್ತು. ಮುಂದೆ 1980ರ ದಶಕದಲ್ಲಿ ಧ್ರುವದಿಂದ ಧ್ರುವಕ್ಕೆ ಹಾಯುವ ಅಲೆಗಳು ಒಳಗರ್ಭವನ್ನು ತುಸು ಬೇಗ ದಾಟುತ್ತವೆ ಎಂಬುದು ಗೊತ್ತಾದ ಮೇಲಂತೂ ಹಿಮದ ಮೇಲಿನ ಪ್ರತಿ ನಿಲ್ದಾಣಕ್ಕೂ ಬೆಲೆ ಬಂತು. ಆದರೆ ಈ ಉತ್ತರ ವಿಜ್ಞಾನಿಗಳನ್ನು ಒಪ್ಪಿಸುತ್ತದೆಯೇ ಹೊರತು ಕಿಲ್ಲಾರಿಯಲ್ಲಿ ಮನೆಮಂದಿಯನ್ನು ಕಳೆದುಕೊಂಡವರನ್ನಲ್ಲ. ಒಳಗರ್ಭ ತಿರುಗಲಿ ಬಿಡಲಿ, ಅವರ ಗೋಡೆ ಅವರ ಮೇಲೆ ಬಿತ್ತು. ಹಿಮಖಂಡದಲ್ಲಿ ಕಲಿತದ್ದು ದಖ್ಖನ್ನಿನ ನೆಲಕ್ಕೆ ನೇರವಾಗಿ ಬೇಕು ಎಂಬುದು ನನ್ನ ವಾದ. ಅದಕ್ಕೆ ಕಿಲ್ಲಾರಿಯಿಂದಲೇ ಹೊರಡಬೇಕು.

1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕು ಗಂಟೆಗೆ ಇನ್ನು ಕೆಲವೇ ನಿಮಿಷ. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ಬಿಟ್ಟು ಬಂದು ಊರು ಮಲಗಿತ್ತು. ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ 6.2ರ ಕಂಪನ. ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೆ ಕುಸಿದು ಸುಮಾರು ಹತ್ತು ಸಾವಿರ ಜನ ಸತ್ತರು. ನಮ್ಮ ಬಸವಕಲ್ಯಾಣ, ಆಳಂದಗಳಿಂದ ಅದೇನೂ ದೂರದ ಊರಲ್ಲ. ಬೀದರ್, ಕಲಬುರ್ಗಿಯವರು ಅಂದು ಅಂಗಳಕ್ಕೆ ಓಡಿದ್ದರು. ದೇಶದ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೆಯ ವಲಯದಲ್ಲಿ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗದಲ್ಲಿ.

ದಖ್ಖನ್ನಿಗೆ ಇದು ಮೊದಲ ಪೆಟ್ಟೂ ಆಗಿರಲಿಲ್ಲ. 1967ರ ಡಿಸೆಂಬರ್‌ನಲ್ಲಿ ಕೊಯ್ನಾ ಅಣೆಕಟ್ಟಿನ ಬುಡದಲ್ಲಿ 6.3ರ ಕಂಪನವಾಗಿ 180ರ ಆಸುಪಾಸು ಜನ ಸತ್ತಿದ್ದರು. ಪರ್ಯಾಯ ದ್ವೀಪದ ಬಂಡೆ ಹಳೆಯದು, ಗಟ್ಟಿ, ಅಲುಗದು ಎಂಬ ನಂಬಿಕೆಗೆ ಅಂದೇ ಬಿರುಕು ಬಿದ್ದಿತ್ತು. ಆದರೆ 1970ರಲ್ಲಿ ನಕ್ಷೆ ತಿದ್ದಿದವರು ಮಾಡಿದ್ದೇನು? ಕೊಯ್ನಾ ಸುತ್ತ ನಾಲ್ಕನೆಯ ವಲಯದ ಬಣ್ಣ ಬಳಿದರು, ಕಿಲ್ಲಾರಿಯನ್ನು ಒಂದನೆಯದರಲ್ಲೇ ಬಿಟ್ಟರು. ನಡುಗಿದ ಜಾಗವನ್ನು ಅಪಾಯದ ಜಾಗ ಎಂದು ಗುರುತಿಸುವುದು ನಕ್ಷೆಯ ಕೆಲಸವಾದರೆ ಅದು ಮುಂದಿನದನ್ನು ಹೇಳುವುದಿಲ್ಲ, ಹಿಂದಿನದರ ವರದಿ ಒಪ್ಪಿಸುತ್ತದೆ. ಕಿಲ್ಲಾರಿಯ ಮೇಲೆ, 2002ರಲ್ಲಿ, ಒಂದನೆಯ ವಲಯವನ್ನೇ ನಕ್ಷೆಯಿಂದ ತೆಗೆದುಹಾಕಿದರು. ಹತ್ತು ಸಾವಿರ ಜೀವ ಹೋದ ಮೇಲೆ ನಾವು ಒಪ್ಪಿದ್ದು ಇಷ್ಟು: ಈ ದೇಶದಲ್ಲಿ ಸಂಪೂರ್ಣ ನಿಶ್ಚಿಂತ ನೆಲ ಎಂಬುದಿಲ್ಲ.

ಕಿಲ್ಲಾರಿಯವರಿಗೆ ನೆಲ ಮೊದಲೇ ಮಾತಾಡಿತ್ತು. 1992ರಲ್ಲಿ, ಮುಖ್ಯವಾಗಿ ಅಕ್ಟೋಬರ್‌ನಲ್ಲಿ, ಅಲ್ಲಿ ಸಣ್ಣ ಕಂಪನಗಳ ಸರಣಿಯೇ ನಡೆದು ಜನ ಗಾಬರಿಗೊಂಡಿದ್ದರು. ಅವು ದೊಡ್ಡದರ ಮುನ್ಸೂಚನೆಯಾಗಿದ್ದವು ಎಂದು ಈಗ ಹೇಳುವುದು ಸುಲಭ. ಅಂದು ಯಾರೂ ಹೇಳಬಹುದಾಗಿರಲಿಲ್ಲ, ಇಂದೂ ಅಂಥದೊಂದು ಸರಣಿ ಎಲ್ಲಿಗೆ ಹೋಗುತ್ತದೆಂದು ಮುಂಚಿತವಾಗಿ ಹೇಳುವ ವಿದ್ಯೆ ಯಾರಲ್ಲೂ ಇಲ್ಲ. ನನ್ನ ತಕರಾರು ಅದಲ್ಲ. ಆ ಕಂಪನಗಳು ಎಷ್ಟು ಆಳದಲ್ಲಿ, ಯಾವ ಗೆರೆಯ ಮೇಲೆ ಎದ್ದವು ಎಂದು ನಿಖರವಾಗಿ ಗುರುತಿಸುವಷ್ಟು ಹತ್ತಿರದಲ್ಲಿ ಒಂದು ಜಾಲವೇ ಇರಲಿಲ್ಲ. ಹೈದರಾಬಾದಿನ ನಿಲ್ದಾಣ ಇನ್ನೂರು ಕಿಲೋಮೀಟರಿಗೂ ಆಚೆ, ಗೌರಿಬಿದನೂರಿನದು ಐನೂರರಷ್ಟು ದೂರ. ನೆಲ ಶಾಂತವಾಗಿದೆ ಎಂದು ಬರೆದುಕೊಂಡಿದ್ದೆವು. ನಿಜದಲ್ಲಿ ಅದನ್ನು ಅಳೆದೇ ಇರಲಿಲ್ಲ.

ಇದೇ ತಪ್ಪನ್ನು ಜಗತ್ತು ಅಂಟಾರ್ಕ್ಟಿಕಾದಲ್ಲೂ ಮಾಡಿತ್ತು. ಸ್ಕಾಟ್‌ನ ಡಿಸ್ಕವರಿ ಯಾತ್ರೆ 1902ರಲ್ಲೇ ಒಂದು ಮಿಲ್ನ್ ಭೂಕಂಪಮಾಪಕವನ್ನು ಅಲ್ಲಿಗೆ ಹೊತ್ತಿತ್ತು. ಲೂಯಿ ಬರ್ನಾಚಿ ಅದನ್ನು ನೋಡಿಕೊಂಡಿದ್ದ. ಖಾಯಂ ನಿಲ್ದಾಣಗಳು ಬಂದದ್ದು 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ, ಅದೂ ಹೆಚ್ಚಾಗಿ ಕರಾವಳಿಯಲ್ಲಿ. ಖಂಡದ ಒಡಲಿನಿಂದ ಭೂಕಂಪದ ಸುದ್ದಿಯೇ ಬರುತ್ತಿರಲಿಲ್ಲ. ಅದಕ್ಕೊಂದು ಸೊಗಸಾದ ಕಾರಣವನ್ನೂ ಕಂಡುಕೊಂಡಿದ್ದರು: ಕಿಲೋಮೀಟರುಗಟ್ಟಲೆ ದಪ್ಪದ ಹಿಮದ ಹಾಸು ಕೆಳಗಿನ ಬಂಡೆಯನ್ನು ಅದುಮಿ ಹಿಡಿದಿರುವುದರಿಂದ ಬಿರುಕುಗಳು ಜಾರುವುದಿಲ್ಲ. ಈ ವಿವರಣೆಯಲ್ಲಿ ಹುರುಳಿಲ್ಲ ಎಂದಲ್ಲ. ಸ್ಕ್ಯಾಂಡಿನೇವಿಯಾದಲ್ಲಿ ಹಿಮಯುಗದ ಹಾಸು ಕರಗಿ ಭಾರ ಇಳಿದಾಗ, ಹತ್ತು ಸಾವಿರ ವರ್ಷಗಳ ಹಿಂದೆ, ಲ್ಯಾಪ್‌ಲ್ಯಾಂಡಿನ ಪಾರ್ವಿ ಬಿರುಕು 150 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಸೀಳಿದ ಗುರುತು ಇಂದಿಗೂ ನೆಲದ ಮೇಲೆ ಕಾಣುತ್ತದೆ. ಆದರೆ ವಿವರಣೆ ಚೆನ್ನಾಗಿದೆ ಎಂಬುದೇ ಅಳತೆ ನಿಲ್ಲಿಸಲು ನೆಪವಾಗಬಾರದು. ಪೂರ್ವ ಅಂಟಾರ್ಕ್ಟಿಕಾದ ಎತ್ತರದ ಮೇಲ್ಬಯಲಿನಲ್ಲಿ, ಹಿಮದಡಿಯ ಗಂಬುರ್ತ್ಸೆವ್ ಪರ್ವತಶ್ರೇಣಿಯ ಮೇಲೆ, ಅಮೆರಿಕದ ತಂಡವೊಂದು ಉಪಕರಣಗಳನ್ನು ಹೂಳಿತು. 2009ರ ಒಂದೇ ವರ್ಷದಲ್ಲಿ ಅವು 27 ಭೂಕಂಪಗಳನ್ನು ಹಿಡಿದವು. ಆ ಭಾಗದಲ್ಲಿ ಅಲ್ಲಿಯವರೆಗೆ ಗೊತ್ತಿದ್ದ ಸಂಖ್ಯೆ ಒಮ್ಮೆಗೇ ಮೂರುಪಟ್ಟಾಯಿತು. ನೆಲದಡಿಯ ಹಳೆಯ ಸೀಳುಗಳ ಮೇಲೆಯೇ ಅವು ಎದ್ದಿದ್ದವು. ಆ ನೆಲ ಒಂದು ಕಾಲಕ್ಕೆ ಗೊಂಡ್ವಾನಾದಲ್ಲಿ ನಮ್ಮ ಪೂರ್ವ ಕರಾವಳಿಗೆ ಅಂಟಿಕೊಂಡಿದ್ದದ್ದು. ದಕ್ಷಿಣ ಭಾರತದಂತೆಯೇ ‘ಗಟ್ಟಿ, ಹಳೆಯದು, ಅಲುಗದು’ ಎಂಬ ಹೆಸರು ಪಡೆದದ್ದು.

ಆ ಉಪಕರಣಗಳು ಅಲ್ಲಿ ಹೇಗೆ ಬದುಕಿದವು ಎಂಬುದನ್ನು ತುಸು ನಿಧಾನವಾಗಿ ನೋಡಬೇಕು. ನಮ್ಮಲ್ಲಿ ಭೂಕಂಪ ನಿಲ್ದಾಣ ಎಂದರೆ ಒಂದು ಕೋಣೆ, ಕಾಂಕ್ರೀಟ್ ಕಟ್ಟೆ, ವಿದ್ಯುತ್ ಸಂಪರ್ಕ, ಬೀಗ, ಅದರ ಕೈ ಇಟ್ಟುಕೊಂಡ ಒಬ್ಬ ಮನುಷ್ಯ. ಹಿಮದ ಮೇಲ್ಬಯಲಿನಲ್ಲಿ ಇದ್ಯಾವುದೂ ಇಲ್ಲ. ಸೂರ್ಯ ತಿಂಗಳುಗಟ್ಟಲೆ ಹುಟ್ಟುವುದೇ ಇಲ್ಲ, ತಾಪಮಾನ ಸೊನ್ನೆಗಿಂತ ಎಪ್ಪತ್ತು ಡಿಗ್ರಿ ಕೆಳಗಿಳಿಯುತ್ತದೆ. ಸಾಮಾನ್ಯ ಬ್ಯಾಟರಿ ಸಾಯುತ್ತದೆ, ಕೇಬಲ್ಲಿನ ಹೊದಿಕೆ ಬಗ್ಗಿಸಿದರೆ ಮುರಿಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಸೌರಫಲಕ, ಕತ್ತಲಿನ ತಿಂಗಳುಗಳಿಗೆ ಲಿಥಿಯಂ ಬ್ಯಾಟರಿಗಳ ರಾಶಿ. ಎಲ್ಲವನ್ನೂ ದಪ್ಪ ಶಾಖನಿರೋಧಕದ ಪೆಟ್ಟಿಗೆಯೊಳಗಿಟ್ಟು ಹಿಮದಲ್ಲಿ ಹೂಳುತ್ತಾರೆ. ಒಳಗೆ ಹೀಟರ್ ಇಡುವಷ್ಟು ಕರೆಂಟಿಲ್ಲ. ದತ್ತಾಂಶ ಬರೆದುಕೊಳ್ಳುವ ಯಂತ್ರ ಬಳಸುವ ಕೆಲವೇ ವ್ಯಾಟ್‌ ವಿದ್ಯುತ್ತಿನ ಬಿಸಿಯೇ ಪೆಟ್ಟಿಗೆಯನ್ನು ಕಾಯಬೇಕು. ಕಾಲಡಿಯ ಹಿಮ ಸದಾ ಸರಿಯುತ್ತಿರುವುದರಿಂದ ಮಾಪಕ ವಾಲಿದರೆ ತನ್ನನ್ನು ತಾನೇ ಸಮಗೊಳಿಸಿಕೊಳ್ಳಬೇಕು. ‘ಬದುಕಿದ್ದೇನೆ’ ಎಂಬ ಚಿಕ್ಕ ಸಂದೇಶ ಉಪಗ್ರಹದ ಮೂಲಕ ಬರುತ್ತಿರುತ್ತದೆ, ಪೂರ್ತಿ ದಾಖಲೆ ಬೇಕೆಂದರೆ ಮುಂದಿನ ಬೇಸಿಗೆಯಲ್ಲಿ ವಿಮಾನದಲ್ಲಿ ಹೋಗಿ, ಒಂದು ವರ್ಷದ ಹಿಮದಡಿಯಿಂದ ಪೆಟ್ಟಿಗೆಯನ್ನು ಅಗೆದು ತೆಗೆಯಬೇಕು. ಈ ಪ್ರಯಾಸಕ್ಕೆ ಕೂಲಿಯಾಗಿ ಸಿಗುವುದು ಅಪರೂಪದ ನಿಶ್ಶಬ್ದ. ದಕ್ಷಿಣ ಧ್ರುವದ ನೆಲೆಯಿಂದ ಎಂಟು ಕಿಲೋಮೀಟರ್ ದೂರದಲ್ಲಿ, ಹಿಮದೊಳಗೆ ಮುನ್ನೂರು ಮೀಟರಿನಷ್ಟು ಆಳದ ರಂಧ್ರಗಳಲ್ಲಿ ಇಳಿಬಿಟ್ಟಿರುವ ಮಾಪಕಗಳಿಗೆ ರಸ್ತೆಯಿಲ್ಲ, ರೈಲಿಲ್ಲ, ಗಾಳಿಗೆ ತೂಗುವ ಮರವಿಲ್ಲ. ಓಝರ್‌ನಲ್ಲಿ ಅದೇ ಮಾಪಕ ಹೆದ್ದಾರಿಯ ಲಾರಿ, ಈರುಳ್ಳಿ ಮಂಡಿಯ ಟ್ರ್ಯಾಕ್ಟರ್, ರನ್‌ವೇ ಬಿಟ್ಟೇಳುವ ಸುಖೋಯ್ ಎಲ್ಲವನ್ನೂ ಬರೆದುಕೊಳ್ಳುತ್ತದೆ. ಆ ಗದ್ದಲದಲ್ಲಿ ಸಣ್ಣ ಕಂಪನವೊಂದು ಸದ್ದಿಲ್ಲದೆ ಮುಳುಗಿಹೋಗುತ್ತದೆ.

ಮೈತ್ರಿಯ ಸ್ಥಿತಿ ಇಷ್ಟು ಕಠಿಣವಲ್ಲ. ಅದು ಷಿರ್ಮಾಕರ್ ಓಯಸಿಸ್ ಎಂಬ ಹಿಮವಿಲ್ಲದ ಬೋಳು ಬಂಡೆಯ ಮೇಲೆ, ಕರಾವಳಿಯಿಂದ ನೂರು ಕಿಲೋಮೀಟರಿನಷ್ಟು ಒಳಗೆ, 1989ರಿಂದ ಇದೆ. ಮಾಪಕಕ್ಕೆ ಕಾಲಡಿ ಗಟ್ಟಿ ನೆಲ ಸಿಕ್ಕಿದೆ, ನೋಡಿಕೊಳ್ಳಲು ಚಳಿಗಾಲ ಪೂರ್ತಿ ಅಲ್ಲೇ ಉಳಿಯುವ ತಂಡವಿದೆ. ಅದಕ್ಕೆ ಮೊದಲಿನ ದಕ್ಷಿಣ ಗಂಗೋತ್ರಿ ಹಿಮದ ಮೇಲೆಯೇ ನಿಂತಿತ್ತು, ಕೊನೆಗೆ ಹಿಮದಡಿ ಹೂತುಹೋಯಿತು. ಆ ಮೊದಲ ನೆಲೆಯನ್ನು 1983–84ರ ಮೂರನೆಯ ಯಾತ್ರೆಯಲ್ಲಿ ಎಂಟು ವಾರಗಳಲ್ಲಿ ಕಟ್ಟಿಸಿದ ತಂಡದ ನಾಯಕ ಹರ್ಷ ಗುಪ್ತ. ಭೂಕಂಪ ಶಾಸ್ತ್ರದಲ್ಲಿ ಅವರ ಹೆಸರು ಅಂಟಿಕೊಂಡಿರುವುದು ಕೊಯ್ನಾಕ್ಕೆ. ಜಲಾಶಯ ತುಂಬುವುದಕ್ಕೂ ನೆಲ ನಡುಗುವುದಕ್ಕೂ ಇರುವ ನಂಟನ್ನು ದಶಕಗಳ ಕಾಲ ಹಿಂಬಾಲಿಸಿದವರು ಅವರು. ಕಿಲ್ಲಾರಿ ನಡುಗಿದಾಗ ಎನ್‌ಜಿಆರ್‌ಐ ನಿರ್ದೇಶಕರೂ ಅವರೇ. ಮಹಾರಾಷ್ಟ್ರದ ನೆಲವನ್ನೂ ಹಿಮಖಂಡವನ್ನೂ ಒಬ್ಬನೇ ಮನುಷ್ಯ ತಿರುಗಿದ್ದು ನನಗೆ ಬರೀ ಕಾಕತಾಳೀಯ ಎನಿಸುವುದಿಲ್ಲ, ಯಾಕೆಂದರೆ ಎರಡೂ ಕಡೆ ಇರುವುದು ಒಂದೇ ಪ್ರಶ್ನೆ: ಬಂಡೆಯ ಮೇಲೆ ಭಾರ ಹೇರಿದರೆ ಏನಾಗುತ್ತದೆ? ಹಿಮದ ಭಾರ ಬಿರುಕನ್ನು ಅದುಮುತ್ತದೆ. ಜಲಾಶಯದ ನೀರು ಭಾರವನ್ನೂ ಹೇರಿ ಸಂದಿಗಳೊಳಗೂ ಇಳಿದು ಬಿರುಕನ್ನು ಸಡಿಲಿಸುತ್ತದೆ. ಕೊಯ್ನಾದಲ್ಲಿ 1960ರ ದಶಕದಿಂದ ಕಂಪನ ನಿಂತೇ ಇಲ್ಲ. ಅದನ್ನು ಹತ್ತಿರದಿಂದ ಕೇಳಲೆಂದೇ 2017ರಲ್ಲಿ ಅಲ್ಲಿ ಮೂರು ಕಿಲೋಮೀಟರ್ ಆಳದ ಪ್ರಾಯೋಗಿಕ ರಂಧ್ರ ಕೊರೆದು ಮುಗಿಸಿದರು.

ಧ್ರುವದ ನಿಲ್ದಾಣಗಳಿಂದ ಬಂದ ಇನ್ನೊಂದು ಪಾಠ ನಮ್ಮ ಅಭ್ಯಾಸಗಳ ಬಗ್ಗೆ. ಭೂಕಂಪ ಎಂದರೆ ಚುರುಕಾಗಿ ಬಂದು ಹೋಗುವ ಅದುರು ಎಂದು ಎಲ್ಲ ಕೇಂದ್ರಗಳೂ ತಮ್ಮ ಲೆಕ್ಕಾಚಾರವನ್ನು ಹಾಗೇ ಹೊಂದಿಸಿದ್ದವು. 2003ರಲ್ಲಿ ಯೋರಾನ್ ಎಕ್‌ಸ್ಟ್ರೋಮ್ ಮತ್ತು ಸಂಗಡಿಗರು ನಿಧಾನದ ಅಲೆಗಳನ್ನು ಬೇರೆಯಾಗಿ ಜಾಲಾಡಿದಾಗ ಯಾವ ಪಟ್ಟಿಯಲ್ಲೂ ಇಲ್ಲದ ಕಂಪನಗಳು ಎದ್ದು ಬಂದವು. ಐದರ ಆಸುಪಾಸಿನ ಅಳತೆಯವು, ಬಹುಪಾಲು ಗ್ರೀನ್‌ಲ್ಯಾಂಡಿನವು, ಹಿಮನದಿಗಳ ಕೆಲಸ. ದಾಖಲೆ ವರ್ಷಗಳಿಂದ ಕಪಾಟಿನಲ್ಲೇ ಇತ್ತು, ಜರಡಿಯ ಕಣ್ಣು ಬೇರೆಯಿತ್ತು. ಇನ್ನೂ ಸೋಜಿಗದ್ದು ಪಶ್ಚಿಮ ಅಂಟಾರ್ಕ್ಟಿಕಾದ ವಿಲನ್ಸ್ ಹಿಮಪ್ರವಾಹ. ಅದು ದಿನಕ್ಕೆ ಎರಡು ಸಲ, ಉಬ್ಬರವಿಳಿತದ ತಾಳಕ್ಕೆ, ಅರ್ಧ ಮೀಟರಿನಷ್ಟು ಜಾರುತ್ತದೆ. ಮನೆಯಲ್ಲಿ ಭಾರದ ಬೀರುವನ್ನು ತಳ್ಳುವಾಗ ಅದು ಅಲ್ಲಾಡದೆ ನಿಂತು ನಿಂತು, ಒಮ್ಮೆಗೇ ಸರ್ರನೆ ಸರಿಯುತ್ತದಲ್ಲ, ಹಾಗೆ. ಪ್ರತಿ ಜಾರಿನ ಒಟ್ಟು ಗಾತ್ರ ಏಳರ ಭೂಕಂಪಕ್ಕೆ ಸಮ ಎಂದು 2008ರಲ್ಲಿ ಡಗ್ಲಸ್ ವೀನ್ಸ್, ಶ್ರೀಧರ ಆನಂದಕೃಷ್ಣನ್ ಮೊದಲಾದವರು ಲೆಕ್ಕ ಹಾಕಿದರು. ಆದರೆ ಅದು ಅರ್ಧ ಗಂಟೆಯ ಮೇಲೆ ಹರಡಿಕೊಳ್ಳುವುದರಿಂದ ಅದರ ಮೇಲೆಯೇ ನಿಂತವನಿಗೂ ಗೊತ್ತಾಗುವುದಿಲ್ಲ.

2023ರ ಸೆಪ್ಟೆಂಬರ್ 16ರಂದು ಜಗತ್ತಿನ ಮಾಪಕಗಳೆಲ್ಲ ಒಂದು ವಿಚಿತ್ರ ಗುಂಯ್‌ಗಾನ ಹಿಡಿದವು. ತೊಂಬತ್ತೆರಡು ಸೆಕೆಂಡಿಗೊಂದು ಅಲೆ, ಏರಿಳಿತವಿಲ್ಲದೆ, ಒಂಬತ್ತು ದಿನ. ಯಾವ ಭೂಕಂಪವೂ ಹೀಗಿರುವುದಿಲ್ಲ. ಮೂಲ ಹುಡುಕಲು ಹದಿನೈದು ದೇಶಗಳ ಅರವತ್ತೆಂಟು ವಿಜ್ಞಾನಿಗಳು ಕೂಡಬೇಕಾಯಿತು, ಒಂದು ವರ್ಷ ಹಿಡಿಯಿತು. ಪೂರ್ವ ಗ್ರೀನ್‌ಲ್ಯಾಂಡಿನ ಡಿಕ್ಸನ್ ಫ್ಯೋರ್ಡಿನಲ್ಲಿ ಬುಡದ ಹಿಮನದಿ ತೆಳುವಾಗಿ ಆಸರೆ ತಪ್ಪಿದ ಗುಡ್ಡ ಕುಸಿದು, ಇನ್ನೂರು ಮೀಟರ್ ಎತ್ತರದ ಅಲೆ ಎದ್ದು, ಆಮೇಲೆ ಆ ಇಕ್ಕಟ್ಟಿನ ಕೊಲ್ಲಿಯ ನೀರು ದಡದಿಂದ ದಡಕ್ಕೆ ಹೊಯ್ದಾಡುತ್ತಲೇ ಇತ್ತು. ಪ್ರವಾಸಿ ಹಡಗುಗಳು ಓಡಾಡುವ ದಾರಿ ಅದು. ಅಂದು ಯಾರೂ ಇರಲಿಲ್ಲವಷ್ಟೆ. ಕಣ್ಣಾರೆ ಕಂಡವರಿಲ್ಲದ ಈ ಘಟನೆ ನಮಗೆ ತಿಳಿದದ್ದು ನಿಲ್ದಾಣಗಳು ಬಾಗಿಲು ಮುಚ್ಚದೆ ಕೂತಿದ್ದರಿಂದ, ಮತ್ತು ಅವುಗಳ ದಾಖಲೆ ಯಾರು ಬೇಕಾದರೂ ತೆರೆದು ನೋಡುವಂತೆ ಇದ್ದದ್ದರಿಂದ.

ಈ ಎರಡನೆಯ ಮಾತು ನಮ್ಮ ಕಡೆಗೆ ಬಂದಾಗ ನನಗೆ ಗೌರಿಬಿದನೂರು ನೆನಪಾಗುತ್ತದೆ. 1960ರ ದಶಕದ ನಡುವೆ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಬ್ರಿಟನ್ನಿನ ನೆರವಿನಿಂದ ಅಲ್ಲಿನ ಕಲ್ಲುಗುಡ್ಡಗಳ ನಡುವೆ ಇಪ್ಪತ್ತು ಮಾಪಕಗಳನ್ನು ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಹೂಳಿತು. ಅಲೆ ಒಂದೊಂದು ಮಾಪಕವನ್ನು ಮುಟ್ಟುವ ಹೊತ್ತಿನಲ್ಲಿರುವ ಚೂರು ವ್ಯತ್ಯಾಸದಿಂದ ಅದು ಯಾವ ದಿಕ್ಕಿನದು, ಎಷ್ಟು ದೂರದ್ದು ಎಂದು ತಿಳಿಯುತ್ತದೆ. ಎಲ್ಲವನ್ನೂ ಸರಿಹೊಂದಿಸಿ ಕೂಡಿಸಿದರೆ ಸುತ್ತಲಿನ ಗದ್ದಲ ತಗ್ಗಿ ಆ ಅಲೆ ಮಾತ್ರ ಎದ್ದು ಕೇಳುತ್ತದೆ. ಇದೇ ಕುಟುಂಬದ ಇನ್ನೊಂದು ಜಾಲ ಕೆನಡಾದ ಯೆಲ್ಲೋನೈಫಿನಲ್ಲಿದೆ, ಆರ್ಕ್ಟಿಕ್ ವೃತ್ತದ ಹೊಸ್ತಿಲಲ್ಲಿ. ಎರಡೂ ಹುಟ್ಟಿದ್ದು ಅಣುಸ್ಫೋಟಗಳನ್ನು ಕೇಳಲಿಕ್ಕೆ. ಸೋವಿಯತ್ ಒಕ್ಕೂಟ ಆರ್ಕ್ಟಿಕ್‌ನ ನೋವಾಯಾ ಜೆಮ್ಲ್ಯಾ ದ್ವೀಪದ ನೆಲದಡಿ ಸಿಡಿಸಿದ ಬಾಂಬುಗಳು ಆರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಗೌರಿಬಿದನೂರಿಗೆ ಕೇಳಿಸುತ್ತಿದ್ದವು. ಧ್ರುವದ ಸದ್ದು ಕೇಳುತ್ತಿದ್ದ ನಾಡಿಗೆ 1992ರ ಕಿಲ್ಲಾರಿಯ ಸಣ್ಣ ಕಂಪನಗಳ ಜಾಗ ಸರಿಯಾಗಿ ಗುರುತಿಸಲು ಆಗಲಿಲ್ಲ. ಇದು ಗೌರಿಬಿದನೂರಿನ ತಪ್ಪಲ್ಲ, ಅದನ್ನು ಕಟ್ಟಿದ್ದೇ ದೂರದ್ದನ್ನು ಕೇಳಲು. ಎಲ್ಲಿ ಕಿವಿಗೊಡಬೇಕು ಎಂದು ದೇಶ ಮಾಡಿದ ಆಯ್ಕೆ ಅದು. ಅಣುಸ್ಫೋಟ ನಿಷೇಧ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ; ಯೆಲ್ಲೋನೈಫ್ ಇಂದು ಆ ಒಪ್ಪಂದದ ಜಾಗತಿಕ ಜಾಲದಲ್ಲಿದೆ, ಗೌರಿಬಿದನೂರು ಹೊರಗಿದೆ. ಸಹಿ ಹಾಕದಿರಲು ಕಾರಣಗಳಿರಬಹುದು, ಅವು ಬೇರೆ ಚರ್ಚೆ. ಆದರೆ ನೆಲದ ಸದ್ದನ್ನು ಗುಟ್ಟಿನ ಕಡತವೆಂದು ನೋಡುವ ಮನೋಭಾವ ಆ ಒಂದು ಜಾಲಕ್ಕೆ ಮಾತ್ರ ನಿಂತಿಲ್ಲ ಎಂಬುದು ನನ್ನ ಸಂಕಟ.

ಅಂಟಾರ್ಕ್ಟಿಕ್ ಒಪ್ಪಂದದ ಮೂರನೆಯ ವಿಧಿ ಅಲ್ಲಿ ಕಂಡದ್ದನ್ನೂ ಅಳೆದದ್ದನ್ನೂ ಪರಸ್ಪರ ಹಂಚಿಕೊಂಡು ಎಲ್ಲರಿಗೂ ಮುಕ್ತವಾಗಿ ಸಿಗುವಂತೆ ಮಾಡಬೇಕು ಎನ್ನುತ್ತದೆ. ಭಾರತ 1983ರಲ್ಲಿ ಆ ಒಪ್ಪಂದಕ್ಕೆ ಸೇರಿತು. ಯಾರದೂ ಅಲ್ಲದ ಹಿಮದ ಮೇಲೆ ನಾವು ಒಪ್ಪಿದ ಶಿಷ್ಟಾಚಾರ ನಮ್ಮದೇ ಹೊಲಗದ್ದೆಯ ಮೇಲೆ ಯಾಕಿಲ್ಲ? ರಾಷ್ಟ್ರೀಯ ಭೂಕಂಪ ಕೇಂದ್ರ ಈಗ ಪ್ರತಿ ಕಂಪನದ ಸಮಯ, ಜಾಗ, ತೀವ್ರತೆಯನ್ನು ಮೊಬೈಲಿಗೇ ಮುಟ್ಟಿಸುತ್ತದೆ, ಅದು ಒಳ್ಳೆಯದೇ. ಆದರೆ ಮೂಲ ಗೆರೆಗಳು, ಅದರಲ್ಲೂ ಜಲಾಶಯಗಳ ಸುತ್ತಲಿನ ದಾಖಲೆಗಳು, ಕಾಲೇಜಿನ ಒಬ್ಬ ಭೂವಿಜ್ಞಾನದ ಮೇಷ್ಟ್ರು ಕೇಳಿದ ತಕ್ಷಣ ಕೈಗೆ ಸಿಗುವಂತಿಲ್ಲ. ಗ್ರೀನ್‌ಲ್ಯಾಂಡಿನ ಗೂಢ ಬಿಡಿಸಿದ್ದು ಇಂಥದೇ ಬಿಡಿಬಿಡಿ ಜನ ತಂತಮ್ಮ ಮೇಜಿನ ಮೇಲೆ ಅದೇ ಗೆರೆಯನ್ನು ಹರಡಿಕೊಂಡು ನೋಡಿದ್ದರಿಂದ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಕಿಲ್ಲಾರಿಯವರನ್ನು ಕೊಂದದ್ದು ಗೋಡೆ. ಮಾಪಕಕ್ಕೆ ಸುರಿಯುವ ದುಡ್ಡನ್ನು ಮನೆಗಳಿಗೆ ಹಾಕಿದರೆ ಜೀವ ಉಳಿಯುತ್ತದೆ ಎಂಬ ವಾದ. ಮೊದಲರ್ಧ ಪೂರ್ತಿ ಸರಿ. ಆದರೆ ಯಾವ ಊರಿನ ಮನೆಗಳನ್ನು ಮೊದಲು ಬಿಗಿಗೊಳಿಸಬೇಕು ಎಂದು ಹೇಳುವುದು ನಕ್ಷೆ, ಮತ್ತು ನಕ್ಷೆ ಎಷ್ಟು ಸುಳ್ಳು ಹೇಳಬಲ್ಲದೆಂದು 1970 ಮತ್ತು 1993ರ ನಡುವೆ ನೋಡಿಯಾಗಿದೆ. ಮಾಪಕದ ಖರ್ಚು ಮನೆಯ ಖರ್ಚಿನ ಎದುರಾಳಿಯಲ್ಲ, ಅದರ ಮೊದಲ ಕಂತು.

2021ರ ಅಕ್ಟೋಬರಿನಲ್ಲಿ ಕಲಬುರ್ಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನಡೆದದ್ದನ್ನು ನೋಡಿ. ನೆಲದೊಳಗಿಂದ ಸದ್ದು, ಮೇಲಿಂದ ಮೇಲೆ ಕಂಪನ, 11ನೆಯ ತಾರೀಖು ರಾತ್ರಿ 4.1ರದೊಂದು. ಜನ ಮನೆ ಬಿಟ್ಟು ಶೆಡ್‌ಗಳಿಗೆ, ಕೆಲವರು ಊರನ್ನೇ ಬಿಟ್ಟು ನೆಂಟರ ಮನೆಗಳಿಗೆ ಹೋದರು. ಅಲ್ಲಿಂದ ಕಿಲ್ಲಾರಿಯ ನೆನಪು ದೂರದ್ದಲ್ಲ. ಆಮೇಲೆ ತಜ್ಞರು ಬಂದರು, ತಾತ್ಕಾಲಿಕ ಮಾಪಕ ಇಟ್ಟರು, ಮಳೆನೀರು ಬಂಡೆಯ ಸಂದಿಗಳಲ್ಲಿ ಇಳಿದು ಹೀಗಾಗುತ್ತದೆ ಎಂಬ ವಿವರಣೆ ಕೊಟ್ಟರು. ಬಹುಶಃ ಸರಿಯಾದ ವಿವರಣೆ. ಮರುವರ್ಷ ಕೊಡಗು ಮತ್ತು ಸುಳ್ಯದ ಗಡಿಯ ಸಂಪಾಜೆ, ಚೆಂಬು ನಡುಗಿದಾಗಲೂ ಇದೇ ಓಡಾಟ. ನಮ್ಮ ಪದ್ಧತಿಯೇ ಹೀಗೆ: ನೆಲ ನಡುಗಿದ ಮೇಲೆ ಜೀಪು ಹೊರಡುತ್ತದೆ. ನಡುಗುವುದಕ್ಕೆ ಮುಂಚೆ ಅಲ್ಲಿ ವರ್ಷಗಟ್ಟಲೆ ಮೌನ ಹೇಗಿತ್ತು, ಆ ಮೌನದಲ್ಲಿ ಎಷ್ಟು ಸೂಕ್ಷ್ಮ ಅದುರುಗಳಿದ್ದವು ಎಂಬ ಹಿನ್ನೆಲೆ ನಮ್ಮ ಕೈಲಿರುವುದಿಲ್ಲ. ಅದಿಲ್ಲದೆ ಇಂದಿನದು ಹೊಸದೋ ಮಾಮೂಲೋ ಎಂದು ಹೇಳುವುದು ಹೇಗೆ? ಗಂಬುರ್ತ್ಸೆವ್‌ನವರು ಭೂಕಂಪ ಆದೀತೆಂದು ಕಾದು ಹೋದವರಲ್ಲ. ಏನೂ ಇಲ್ಲ ಎಂದು ಎಲ್ಲರೂ ಹೇಳಿದ ಜಾಗಕ್ಕೇ ಪೆಟ್ಟಿಗೆ ಹೊತ್ತರು.

ಚಿಂಚೋಳಿ, ಆಳಂದ, ಬಸವಕಲ್ಯಾಣ, ಉಮರ್ಗಾ, ಕಿಲ್ಲಾರಿ, ಸೊಲ್ಲಾಪುರ ಒಂದೇ ಬಂಡೆಯ ಮೇಲೆ ಕೂತ ಊರುಗಳು. ಕನ್ನಡ, ಮರಾಠಿ ಎರಡನ್ನೂ ಆಡುವ ಮನೆಗಳು ಅಲ್ಲಿ ಗಡಿಯ ಎರಡೂ ಕಡೆಗಿವೆ. ಆ ಗಡಿ ಕಾಗದದ ಮೇಲಿನದು. ಅದರ ಈಚೆಗಿನ ಮಾಪಕ ಬೆಂಗಳೂರಿಗೆ, ಆಚೆಗಿನದು ನಾಸಿಕಕ್ಕೋ ದಿಲ್ಲಿಗೋ, ತಾತ್ಕಾಲಿಕ ಶೋಧದ್ದು ಹೈದರಾಬಾದಿಗೆ ವರದಿ ಒಪ್ಪಿಸಿದರೆ ಕಂಪನದ ಜಾಗ ಹತ್ತಿಪ್ಪತ್ತು ಕಿಲೋಮೀಟರ್ ಆಚೀಚೆಯಾಗುವುದರಲ್ಲಿ ಅಚ್ಚರಿಯಿಲ್ಲ. ಇವೆಲ್ಲ ಒಂದೇ ಕಡೆ, ಬಂದ ಕ್ಷಣವೇ, ಎಲ್ಲರಿಗೂ ತೆರೆದಿರುವಂತೆ ಸೇರಬೇಕು. ತಾತ್ಕಾಲಿಕವೆಂದು ಇಟ್ಟ ಮಾಪಕಗಳನ್ನು ಕಂಪನ ನಿಂತ ಮೇಲೆ ಎತ್ತಿಕೊಂಡು ಹೋಗುವುದನ್ನು ನಿಲ್ಲಿಸಬೇಕು. ಅದಕ್ಕೆ ಬೇಕಾದದ್ದು ಹಿಮಖಂಡದ ಸಾಹಸವಲ್ಲ. ಚಿಂಚೋಳಿಗೆ ಬಸ್ಸಿದೆ, ಕರೆಂಟಿದೆ, ವರ್ಷದ ಹನ್ನೆರಡೂ ತಿಂಗಳು ಬಿಸಿಲಿದೆ. ಬೇಕಾದದ್ದು ಬ್ಯಾಟರಿಗೆ, ಕೇಬಲ್ಲಿಗೆ, ಇಲಿ ಕಡಿದ ತಂತಿ ನೋಡಿ ಸರಿಪಡಿಸಲು ಹೋಗುವ ತಂತ್ರಜ್ಞನ ಪ್ರಯಾಣ ಭತ್ಯೆಗೆ ಬಜೆಟ್ಟಿನಲ್ಲಿ ಒಂದು ಖಾಯಂ ಬಾಬ್ತು. ಐದು ವರ್ಷ ಏನೂ ಆಗಲಿಲ್ಲ ಎಂಬ ಕಾರಣಕ್ಕೆ ಆರನೆಯ ವರ್ಷ ಆ ಬಾಬ್ತಿಗೆ ಕತ್ತರಿ ಹಾಕದ ಒಬ್ಬ ಹಣಕಾಸು ಅಧಿಕಾರಿ.